ಮನೆ ಉಳಿಸಿದೆವು, ಬಡಾವಣೆಯನ್ನು?

2011ರ ಸೆಪ್ಟೆಂಬರಿನಲ್ಲಿ ಮೈಸೂರಿನ ಯಾದವಗಿರಿಯ ವಿವೇಕಾನಂದ ರಸ್ತೆಯಲ್ಲಿದ್ದ ಎರಡಂತಸ್ತಿನ ಮನೆಯೊಂದಕ್ಕೆ ಹಾರೆ ಬಿತ್ತು. ಕಾದಂಬರಿಕಾರ ಆರ್.ಕೆ. ನಾರಾಯಣ್ ತಾವೇ ನಿಂತು ಕಟ್ಟಿಸಿ, ದಶಕಗಳ ಕಾಲ ಬಾಳಿದ ಮನೆ ಅದು. ಅವರು ಚೆನ್ನೈಗೆ ಹೋಗಿ ನೆಲೆಸಿ, 2001ರಲ್ಲಿ ಅಲ್ಲೇ ತೀರಿಕೊಂಡ ಮೇಲೆ ಆ ಮನೆ ಬೀಗ ಹಾಕಿಸಿಕೊಂಡ ಹಲವು ಹಳೆಯ ಮನೆಗಳ ಸಾಲಿಗೆ ಸೇರಿತ್ತು. ಕೆಡವುವ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಊರು ಎಚ್ಚೆತ್ತಿತು, ಆಡಳಿತ ಕೆಲಸ ನಿಲ್ಲಿಸಿತು. ಮುಂದೆ ಮಹಾನಗರ ಪಾಲಿಕೆ ಎರಡು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಅದನ್ನು ಕೊಂಡಿತು, ಒಡೆದದ್ದನ್ನು ಕಟ್ಟಿಸಿ, ಸುಣ್ಣಬಣ್ಣ ಮಾಡಿಸಿ, 2016ರ ಜುಲೈಯಲ್ಲಿ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ನಮ್ಮ ಊರುಗಳಲ್ಲಿ ಹಳೆಯ ಮನೆಗಳ ಕಥೆ ಇಷ್ಟು ಸುಖವಾಗಿ ಮುಗಿಯುವುದು ಅಪರೂಪ. ಅದಕ್ಕೆ ಕಾರಣರಾದ ಎಲ್ಲರಿಗೂ ನಾವು ಋಣಿಗಳು. ಆದರೂ ಈ ಗೆಲುವು ಅರ್ಧ ಗೆಲುವು. ಒಂದು ಬಡಾವಣೆಯ ಮನೆಗೆ ಅರ್ಥ ಬರುವುದು ಅದು ನಿಂತಿರುವ ಬೀದಿ, ಸುತ್ತಲಿನ ಮರ, ನಡೆದುಹೋಗುವಷ್ಟು ದೂರದ ಕೆರೆ, ನೆರೆಯ ಕಾಂಪೌಂಡು, ಇವೆಲ್ಲ ಕೂಡಿದಾಗ. ಇವನ್ನೆಲ್ಲ ಕೈಬಿಟ್ಟು ಮನೆಯೊಂದನ್ನೇ ಉಳಿಸಿಕೊಂಡರೆ ಉಳಿಯುವುದು ಗೋಡೆ ಮಾತ್ರ. ನಮ್ಮ ಕಾನೂನು ಮತ್ತು ನಮ್ಮ ಕಾಳಜಿ ಎರಡೂ ಮನೆಯನ್ನು ಬಿಟ್ಟು ಬಡಾವಣೆಯನ್ನು ಘಟಕವೆಂದು ಹಿಡಿಯಬೇಕು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಮೊದಲ ಸಾಕ್ಷಿ ಆ ಮನೆಯೇ. ನಾರಾಯಣ್ ನಿವೇಶನ ಕೊಂಡದ್ದು 1940ರ ದಶಕದ ಕೊನೆಯಲ್ಲಿ. ಆಗ ಯಾದವಗಿರಿ ಎಂದರೆ ರೈಲು ನಿಲ್ದಾಣದ ಆಚೆಯ ದಿಣ್ಣೆ, ಊರು ಮುಗಿದು ಬಯಲು ಶುರುವಾಗುವ ಜಾಗ. ಮಹಡಿಯ ಮೇಲೆ ತಮ್ಮ ಬರವಣಿಗೆಗೆಂದು ಅವರು ಕಟ್ಟಿಸಿಕೊಂಡದ್ದು ಗೋಡೆಯಿಂದ ಹೊರಕ್ಕೆ ಚಾಚಿದ, ಎಂಟು ಕಿಟಕಿಗಳ ಕೋಣೆ. ಆ ಕಿಟಕಿಗಳಿಂದ ಏನೇನು ಕಾಣುತ್ತಿತ್ತು ಎಂಬುದನ್ನು ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ಅವರೇ ಬರೆದಿದ್ದಾರೆ: ದಕ್ಷಿಣಕ್ಕೆ ಚಾಮುಂಡಿ ಬೆಟ್ಟ, ಪೂರ್ವಕ್ಕೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಹುಲ್ಲುಗಾವಲಿನಲ್ಲಿ ಮೇಯುವ ಕುರಿ ದನ, ಇಳಿಜಾರಿನಲ್ಲಿ ಹಾದುಹೋಗುವ ರೈಲು, ಅಂಗಳದ ದೇವಕಣಗಿಲೆ ಮರಕ್ಕೆ ಬಂದು ಕೂರುವ ಹಕ್ಕಿಗಳು. ನೋಟ ಎಷ್ಟು ಸೊಗಸಾಗಿತ್ತೆಂದರೆ ಬರವಣಿಗೆಯೇ ಸಾಗದೆ, ಕೊನೆಗೆ ಕಿಟಕಿಗೆ ಪರದೆ ಎಳೆದು ಕೂರಬೇಕಾಯಿತಂತೆ. ಎಂಟು ದಿಕ್ಕಿಗೂ ಕಣ್ಣು ತೆರೆದಿಟ್ಟ ಆ ಕೋಣೆಯನ್ನು ನಕ್ಷೆಯಲ್ಲಿ ಬರೆದವರ ಮನಸ್ಸಿನಲ್ಲಿ ಗೋಡೆಗಿಂತ ಮೊದಲು ಹೊರಗಿನ ಬಯಲು ಇದ್ದಿರಬೇಕು. ಬಯಲು ಇಲ್ಲದ ಕಡೆ ಎಂಟು ಕಿಟಕಿಗೆ ಯಾರೂ ದುಡ್ಡು ಸುರಿಯುವುದಿಲ್ಲ. ಅಂದರೆ ಆ ಮನೆಯ ವಿನ್ಯಾಸದ ಅತಿ ಮುಖ್ಯ ಭಾಗ ನಾರಾಯಣ್ ಅವರ ಖಾತೆಯ ಜಾಗದ ಹೊರಗೇ ಇತ್ತು. ಇಂದು ಸಂಗ್ರಹಾಲಯಕ್ಕೆ ಹೋದವರು ಕೋಣೆಯನ್ನು ನೋಡಬಹುದು, ಅವರು ಬಳಸಿದ ವಸ್ತುಗಳನ್ನು ನೋಡಬಹುದು. ಆ ಕಿಟಕಿಗಳು ಯಾಕೆ ಎಂಟಾದವು ಎಂಬ ಪ್ರಶ್ನೆಗೆ ಉತ್ತರವಾಗಿದ್ದ ಬಯಲು ಮಾತ್ರ ಈಗ ನಡು ಊರಾಗಿದೆ.

ಆ ಬಯಲಿಗೆ ಬಡಾವಣೆ ಬಂದದ್ದಾದರೂ ತಾನಾಗಿ ಅಲ್ಲ. ಅದರ ಹಿಂದೆ ಸರ್ಕಾರದ ದೀರ್ಘ ಯೋಚನೆಯಿದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂತು. ಕೋಟೆಯ ಒಳಗೂ ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲೂ ಜನ ಇಲಿಗಳೊಂದಿಗೆ ಸತ್ತರು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ವೇಗವಾಗಿ ಬೆಳೆದದ್ದು ಆ ಭಯದಿಂದ. ಮೈಸೂರಿನಲ್ಲಿ ಊರನ್ನು ಬಿಡಿಸಿ ಹರಡಲೆಂದೇ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಅಂದರೆ ಜನರ ಬಾಯಲ್ಲಿ ಸಿಐಟಿಬಿ, ಹುಟ್ಟಿತು. ಮುಂದೆ 1988ರಲ್ಲಿ ಬಂದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಮುಡಾಕ್ಕೆ, ಅದೇ ಹಿರಿಯಕ್ಕ. ಗಾಳಿ ಬೆಳಕು ಬೇಕು, ಮನೆಗೂ ಮನೆಗೂ ನಡುವೆ ಜಾಗ ಬೇಕು, ರಸ್ತೆ ಅಗಲವಿರಬೇಕು, ಹಿತ್ತಿಲಿನ ಹೊಲಸು ಮುಂಬಾಗಿಲಿಗೆ ಬರಬಾರದು ಎಂಬ ಲೆಕ್ಕಾಚಾರದಿಂದ ಆ ಕಾಲದ ಬಡಾವಣೆಗಳು ರೂಪುಗೊಂಡವು. ಮನೆಯ ಮುಂದೆ ಬಿಡಬೇಕಾದ ಜಾಗ, ಹಿಂದೆ ಓಡುವ ಕನ್ಸರ್ವೆನ್ಸಿ ಓಣಿ, ರಸ್ತೆಯ ಬದಿಗೆ ಸಾಲುಮರ, ಮೂಲೆಯಲ್ಲೊಂದು ಪಾರ್ಕು, ಇವೆಲ್ಲ ಅಲಂಕಾರಕ್ಕೆ ಬಂದವಲ್ಲ, ಸಾವಿಗೆ ಹೆದರಿ ಕಲಿತ ಪಾಠಗಳು. ನಾವು ಇಂದು ‘ಹಳೆ ಮೈಸೂರಿನ ಬಂಗಲೆ’ ಎಂದು ಮೆಚ್ಚುವ ಮನೆಗಳೆಲ್ಲ ಈ ಪಾಠಗಳ ಮೇಲೆ ನಿಂತಿವೆ. ಕಾಂಪೌಂಡಿನ ಗಿಡವಾಗಲಿ, ಎದುರಿನ ಪೋರ್ಟಿಕೋ ಆಗಲಿ, ಪಕ್ಕದ ಮನೆಯ ನೆರಳು ಬೀಳದ ಅಡುಗೆಮನೆಯಾಗಲಿ, ಮಾಲೀಕರ ಅಭಿರುಚಿಯಿಂದ ಎಷ್ಟು ಬಂತೋ ಸಾರ್ವಜನಿಕ ನಿಯಮದಿಂದಲೂ ಅಷ್ಟೇ ಬಂತು.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಯಾದವಗಿರಿ ಮತ್ತು ಅದಕ್ಕೆ ಅಂಟಿಕೊಂಡ ಒಂಟಿಕೊಪ್ಪಲು ಬರಿಯ ಮನೆಗಳ ಸಾಲಾಗಿರಲಿಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಖಾಸಗಿ ಬಾನುಲಿ ಪ್ರಸಾರ ಆರಂಭಿಸಿದರು. ದೇಶದ ಬಾನುಲಿಗೇ ಹೆಸರಾದ ‘ಆಕಾಶವಾಣಿ’ ಮೊದಲು ಕೇಳಿಬಂದದ್ದು ಅಲ್ಲಿಂದ. ಈಗಿನ ಮೈಸೂರು ಆಕಾಶವಾಣಿ ಕೇಂದ್ರ ಇರುವುದೂ ಕೂಗಳತೆಯ ದೂರದಲ್ಲಿ, ಯಾದವಗಿರಿಯಲ್ಲಿ. 1925ರಲ್ಲಿ ಮೈಸೂರಿನಲ್ಲಿ ಆರಂಭವಾಗಿ, ವಿದ್ಯಾರ್ಥಿ ಕುವೆಂಪು ಅವರಿಗೆ ಆಸರೆ ಕೊಟ್ಟ ರಾಮಕೃಷ್ಣ ಆಶ್ರಮ ಇಂದು ಇರುವುದು ಯಾದವಗಿರಿಯಲ್ಲೇ. ಮುಂದೆ ಕುವೆಂಪು ಮನೆ ಮಾಡಿ ‘ಉದಯರವಿ’ ಎಂದು ಹೆಸರಿಟ್ಟದ್ದೂ ಇದೇ ಆಸುಪಾಸಿನಲ್ಲಿ. 1960ರ ದಶಕದ ಆರಂಭದಿಂದ 1996ರವರೆಗೆ ದೇಶದ ರಸ್ತೆಗಳಿಗೆಲ್ಲ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಕಳಿಸಿದ ಐಡಿಯಲ್ ಜಾವಾ ಕಾರ್ಖಾನೆಯೂ ಯಾದವಗಿರಿಯದ್ದೇ. ಕಾದಂಬರಿ, ಬಾನುಲಿ, ಅಧ್ಯಾತ್ಮ, ಯಂತ್ರ, ಇವೆಲ್ಲ ಕಾಲ್ನಡಿಗೆಯ ದೂರದೊಳಗೆ ಬೆಳೆದವು. ಆ ಜಾಗದಲ್ಲಿ ಮನೆ ಮಾಡಿದವರಿಗೆ ಸಂಗೀತಗಾರ, ಸನ್ಯಾಸಿ, ಮೇಷ್ಟ್ರು, ಫಿಟ್ಟರು, ಎಲ್ಲರೂ ದಾರಿಯಲ್ಲಿ ಎದುರಾಗುತ್ತಿದ್ದರು. ಬಡಾವಣೆ ಎಂದರೆ ಮಲಗುವುದಕ್ಕೆ ಮಾತ್ರ ಬರುವ ಜಾಗ ಎಂಬ ಇಂದಿನ ಕಲ್ಪನೆಗೆ ಹೋಲಿಸಿದರೆ ಆಗಿನ ಬಡಾವಣೆ ಎಷ್ಟು ಹದವಾಗಿ ಬೆರೆತಿತ್ತು ಎಂಬುದು ಗೊತ್ತಾಗುತ್ತದೆ.

ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸುತ್ತಿದ್ದದ್ದು ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಬೇಸಾಯದ ನೀರಿಗಾಗಿ ಕಟ್ಟಿಸಿದ ಕೆರೆ ಅದು. ನಂತರ ವಿಶ್ವವಿದ್ಯಾನಿಲಯ ಅದರ ದಂಡೆಗೆ ಬಂತು, ವಿದ್ಯಾರ್ಥಿಗಳೂ ಪ್ರಾಧ್ಯಾಪಕರೂ ಏರಿಯ ಮೇಲೆ ನಡೆದರು. ಕುವೆಂಪು ಕಾವ್ಯದಲ್ಲಿ ಅದರ ಸೂರ್ಯೋದಯವಿದೆ, ನಾರಾಯಣ್ ಅವರ ಕಾಲೇಜು ದಿನಗಳ ನೆನಪುಗಳಲ್ಲಿ ಅದರ ದಂಡೆಯಿದೆ. ಆದರೆ ಕೆರೆಗೆ ನೀರು ಬರುವುದು ಏರಿಯ ಮೇಲಿನ ಪ್ರೀತಿಯಿಂದಲ್ಲ, ಮೇಲಿನ ಜಲಾನಯನದಿಂದ. ಹಿಂದೆ ಪೂರ್ಣಯ್ಯ ನಾಲೆ ಮತ್ತು ಅದರ ಕವಲುಗಳು ಮಳೆನೀರನ್ನು ಹೊತ್ತು ತರುತ್ತಿದ್ದವು. ಜಲಾನಯನದಲ್ಲಿ ಒಂದರ ಹಿಂದೆ ಒಂದು ಬಡಾವಣೆ ಎದ್ದು ನಾಲೆ ಅಲ್ಲಲ್ಲಿ ಮುಚ್ಚಿತು, ಮಳೆನೀರಿನ ದಾರಿಯಲ್ಲಿ ಒಳಚರಂಡಿಯ ನೀರು ಹರಿದುಬಂತು. ಕೆರೆಯನ್ನು ಉಳಿಸಲು ಮೈಸೂರಿನ ಪರಿಸರಪ್ರಿಯರೂ ವಿಜ್ಞಾನಿಗಳೂ ಹಲವು ದಶಕಗಳಿಂದ ಹೋರಾಡುತ್ತ ಬಂದಿದ್ದಾರೆ. ಆ ಹೋರಾಟ ಕಲಿಸುವುದು ಇಷ್ಟು: ಬೇಲಿ ಹಾಕಿ, ನಡಿಗೆಯ ದಾರಿ ಮಾಡಿ, ದೀಪ ಹಾಕಿದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ. ಎಷ್ಟೋ ದೂರದ ಮನೆಯವರು ತಮ್ಮ ಅಂಗಳಕ್ಕೆ ಸಿಮೆಂಟು ಬಳಿದರೆ ಅದರ ಪೆಟ್ಟು ಕೆರೆಗೆ ಬೀಳುತ್ತದೆ. ಕೆರೆಗೆ ಅನ್ವಯಿಸುವ ಈ ಸತ್ಯ ಮನೆಗೂ ಅನ್ವಯಿಸುತ್ತದೆ.

ಹಾಗಾದರೆ ಹಳೆಯ ಬಡಾವಣೆಗಳಿಗೆ ಆಗುತ್ತಿರುವುದೇನು? ಯಾರೋ ದುರುಳರು ಬಂದು ಕೆಡಿಸುತ್ತಿದ್ದಾರೆ ಎಂದರೆ ವಿಷಯ ಸುಲಭವಾಗುತ್ತದೆ, ಆದರೆ ನಿಜ ಬೇರೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅರವತ್ತು ನಲವತ್ತರ ಸೈಟಿನಲ್ಲಿ ಹಂಚಿನ ಮನೆ, ಮುಂದೆ ಒಂದು ಮಾವು, ಪಕ್ಕದಲ್ಲಿ ಬಾವಿ. ಮನೆ ಕಟ್ಟಿಸಿದವರು ತೀರಿಕೊಂಡರು, ಮೂವರು ಮಕ್ಕಳಿಗೆ ಪಾಲಾಗಬೇಕು. ಮನೆಯನ್ನು ಮೂರು ಹೋಳು ಮಾಡಲಾಗದು, ಹಾಗಾಗಿ ಕೆಡವಿ ಮೂರು ಮಹಡಿ ಏರಿಸುತ್ತಾರೆ. ಕೆಳಗೆ ಕಾರು ನಿಲ್ಲಿಸಲು ಮಾವು ಹೋಗುತ್ತದೆ, ಅಂಗಳಕ್ಕೆ ಟೈಲ್ಸ್ ಬರುತ್ತದೆ, ಬಾವಿ ಮುಚ್ಚಿ ಬೋರ್‌ವೆಲ್ ಕೊರೆಯುತ್ತಾರೆ. ಮನೆಗೆ ಎರಡು ಕಾರಾದಾಗ ಒಂದು ರಸ್ತೆಗೆ ಬರುತ್ತದೆ. ಕೆಳಮನೆಯನ್ನು ಕ್ಲಿನಿಕ್ಕಿಗೋ ಟ್ಯೂಷನ್ನಿಗೋ ಬಾಡಿಗೆಗೆ ಕೊಟ್ಟರೆ ರಸ್ತೆಯಲ್ಲಿ ಇನ್ನಷ್ಟು ವಾಹನ ನಿಲ್ಲುತ್ತವೆ. ಈ ಕುಟುಂಬ ಮಾಡಿದ ಯಾವುದೂ ಅಪರಾಧವಲ್ಲ, ಬಹುಪಾಲು ಕಾನೂನಿನೊಳಗೇ ಇದೆ. ಪಕ್ಕದ ಮನೆಯವರಿಗೂ ಇದೇ ಕಾರಣಗಳಿವೆ, ಅವರೂ ಅದನ್ನೇ ಮಾಡುತ್ತಾರೆ. ಒಂದು ಬೀದಿಯ ಹತ್ತು ಮನೆಗಳು ಹೀಗೆ ಬದಲಾದಾಗ ಬೀದಿಗೆ ನೆರಳಿಲ್ಲ, ಮಳೆ ಬಿದ್ದರೆ ಇಂಗಲು ಮಣ್ಣಿಲ್ಲ, ವಯಸ್ಸಾದವರು ನಡೆಯಲು ಅಂಚಿಲ್ಲ, ಹುಡುಗರು ಚೆಂಡು ಆಡಲು ಜಾಗವಿಲ್ಲ. ಒಬ್ಬೊಬ್ಬರಿಗೂ ಲಾಭವೆನಿಸಿದ್ದು ಒಟ್ಟಾದಾಗ ಎಲ್ಲರಿಗೂ ನಷ್ಟವಾಯಿತು. ಪಾರಂಪರಿಕ ಕಟ್ಟಡಗಳ ಪಟ್ಟಿ ಈ ನಷ್ಟವನ್ನು ತಡೆಯಲಾರದು, ಯಾಕೆಂದರೆ ಈ ಮನೆಗಳಲ್ಲಿ ಒಂದಕ್ಕೂ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಅರಮನೆಗೆ ಇದೆ, ಮಾರುಕಟ್ಟೆಗೆ ಇದೆ, ಪ್ರಸಿದ್ಧ ಲೇಖಕರೊಬ್ಬರ ಮನೆಗೆ ಕಷ್ಟಪಟ್ಟು ಸಿಕ್ಕಿತು. ಸಾಮಾನ್ಯ ಬೀದಿಗೆ ಮಾತ್ರ ಕಾವಲಿಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ನಾರಾಯಣ್ ಮನೆಯ ಗಲಾಟೆಯ ಸಮಯದಲ್ಲೇ ಕೇಳಿಬಂತು. ಕನ್ನಡದ ಹಿರಿಯ ಸಾಹಿತಿಗಳು ಕೆಲವರು ನೇರವಾಗಿ ಪ್ರಶ್ನಿಸಿದರು: ಅವರು ಬರೆದದ್ದು ಇಂಗ್ಲಿಷಿನಲ್ಲಿ, ಹಸ್ತಪ್ರತಿಗಳು ಹೋದದ್ದು ಅಮೆರಿಕದ ವಿಶ್ವವಿದ್ಯಾಲಯಕ್ಕೆ, ಹೀಗಿರುವಾಗ ಕನ್ನಡ ನಾಡಿನ ತೆರಿಗೆ ಹಣದಲ್ಲಿ ಅವರ ಮನೆ ಯಾಕೆ ಕೊಳ್ಳಬೇಕು, ಕನ್ನಡದಲ್ಲಿ ಬರೆದ ಎಷ್ಟೋ ಮಹನೀಯರ ಮನೆಗಳು ಹೇಳಹೆಸರಿಲ್ಲದೆ ಹೋಗಲಿಲ್ಲವೇ? ಈ ಪ್ರಶ್ನೆಯ ಹಿಂದಿನ ನೋವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಹುಟ್ಟುವುದೇ ಮನೆಯನ್ನು ವ್ಯಕ್ತಿಯ ಸ್ಮಾರಕವೆಂದು ನೋಡಿದಾಗ. ಆಗ ಯಾರು ದೊಡ್ಡವರು, ಯಾರಿಗೆ ಅರ್ಹತೆಯಿದೆ ಎಂಬ ಪಂಕ್ತಿಭೇದ ಶುರುವಾಗುತ್ತದೆ. ಬಡಾವಣೆಯನ್ನು ಉಳಿಸಲು ಹೊರಟರೆ ಈ ಜಗಳಕ್ಕೆ ಎಡೆಯಿಲ್ಲ. ಯಾದವಗಿರಿ, ಒಂಟಿಕೊಪ್ಪಲುಗಳನ್ನು ಒಂದು ಪರಿಸರವೆಂದು ಹಿಡಿದರೆ ಅದರಲ್ಲಿ ಇಂಗ್ಲಿಷಿನ ನಾರಾಯಣ್ ಇದ್ದಾರೆ, ಕನ್ನಡದ ಕುವೆಂಪು ಇದ್ದಾರೆ, ಆಕಾಶವಾಣಿಯ ಗೋಪಾಲಸ್ವಾಮಿ ಇದ್ದಾರೆ, ಜಾವಾ ಕಾರ್ಖಾನೆಯ ಹೆಸರಿಲ್ಲದ ಕಾರ್ಮಿಕರೂ ಇದ್ದಾರೆ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಮಾದರಿಗಳೂ ಉಂಟು. ಕುಪ್ಪಳಿಗೆ ಹೋದವರು ಕವಿಮನೆಯನ್ನು ಮಾತ್ರ ನೋಡಿ ಬರುವುದಿಲ್ಲ, ಕವಿಶೈಲದವರೆಗೆ ಹತ್ತಿ ಕಾಡು ನೋಡುತ್ತಾರೆ. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆ ಮನೆ ಎಂದರೆ ಆ ಕೆರೆಯೂ ಸೇರಿ. ನಾರಾಯಣ್ ಅವರ ಮಾಲ್ಗುಡಿಯೂ ಅಷ್ಟೆ. ಓದುಗರ ಮನಸ್ಸಿನಲ್ಲಿ ಉಳಿದದ್ದು ಮಾರ್ಕೆಟ್ ರೋಡು, ಕಬೀರ್ ಬೀದಿ, ಸರಯೂ ನದಿ, ಉಳ್ಳವರ ಲಾಲಿ ಎಕ್ಸ್‌ಟೆನ್ಷನ್. ಶಂಕರ್ ನಾಗ್ ಮಾಲ್ಗುಡಿಯನ್ನು ಕಿರುತೆರೆಗೆ ತರಲು ಹೊರಟಾಗ ಆಗುಂಬೆಯನ್ನು ಆರಿಸಿಕೊಂಡರು, ಯಾಕೆಂದರೆ ಅವರಿಗೆ ಬೇಕಾದದ್ದು ಒಂದು ಮನೆಯ ಸೆಟ್ ಅಲ್ಲ, ಇಡೀ ಒಂದು ಬೀದಿ.

ಎರಡನೆಯ ಆಕ್ಷೇಪ ಆಸ್ತಿಯದು. ಸೈಟು ನನ್ನದು, ಕಂದಾಯ ಕಟ್ಟುವವನು ನಾನು, ಮಗಳ ಮದುವೆಗೋ ಮಗನ ಓದಿಗೋ ಇದೇ ಆಧಾರ, ಬೀದಿಯ ಅಂದಕ್ಕಾಗಿ ನಾನು ಯಾಕೆ ನಷ್ಟ ತಿನ್ನಬೇಕು ಎಂದು ಮಾಲೀಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಎರಡು ಭಾಗದಲ್ಲಿದೆ. ಮೊದಲನೆಯದಾಗಿ, ಹಳೆಯ ಬಡಾವಣೆಯ ಸೈಟಿಗೆ ಇಂದು ಬಂದಿರುವ ಬೆಲೆ ಆ ನೆಲದಿಂದಷ್ಟೇ ಬಂದದ್ದಲ್ಲ. ಅಗಲದ ರಸ್ತೆ, ಸಾಲುಮರ, ಪಾರ್ಕು, ಒಳಚರಂಡಿ, ಹತ್ತಿರದ ಶಾಲೆ, ಇವನ್ನೆಲ್ಲ ಸಾರ್ವಜನಿಕ ಹಣ ಮತ್ತು ಸಾರ್ವಜನಿಕ ನಿಯಮ ಕಟ್ಟಿಕೊಟ್ಟವು. ಎಲ್ಲರೂ ಕೂಡಿ ಬೆಳೆಸಿದ ಬೆಲೆಯಲ್ಲಿ ಎಲ್ಲರ ಮಾತಿಗೂ ಒಂದಿಷ್ಟು ಹಕ್ಕಿರುವುದು ಧರ್ಮ. ಎರಡನೆಯದಾಗಿ, ನಷ್ಟವನ್ನು ಮಾಲೀಕರ ತಲೆಯ ಮೇಲೆ ಮಾತ್ರ ಹೊರಿಸಬೇಕಾಗಿಲ್ಲ. ಮುಂಬಯಿ 1995ರಲ್ಲೇ ಪಾರಂಪರಿಕ ನಿಯಮಗಳನ್ನು ತಂದು, ಒಂಟಿ ಕಟ್ಟಡಗಳ ಜೊತೆಗೆ ಇಡೀ ಪ್ರದೇಶಗಳನ್ನೂ ಪಟ್ಟಿಗೆ ಸೇರಿಸಿತು. ಕಟ್ಟಡ ಉಳಿಸಿಕೊಂಡ ಕಾರಣಕ್ಕೆ ಕೈತಪ್ಪಿದ ನಿರ್ಮಾಣದ ಹಕ್ಕನ್ನು ಬೇರೆ ಕಡೆ ಬಳಸಲು ಇಲ್ಲವೇ ಮಾರಲು ಮಾಲೀಕರಿಗೆ ಅವಕಾಶವಿಟ್ಟಿತು. ಟಿಡಿಆರ್ ಎಂದು ಕರೆಯುವ ಈ ಏರ್ಪಾಡು ಕರ್ನಾಟಕಕ್ಕೂ ಹೊಸದಲ್ಲ, ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ನಮ್ಮಲ್ಲೂ ಅದನ್ನು ಕೊಡುತ್ತಾರೆ. ರಸ್ತೆ ಅಗಲ ಮಾಡಲು ಕೊಡಬಹುದಾದದ್ದನ್ನು ರಸ್ತೆಯ ಮರ ಮತ್ತು ಅಂಗಳದ ಮಣ್ಣು ಉಳಿಸಿದವರಿಗೆ ಯಾಕೆ ಕೊಡಬಾರದು? ಹಳೆಯ ಮರವನ್ನೂ ತೆರೆದ ನೆಲವನ್ನೂ ಕಾಪಾಡಿಕೊಂಡ ಮನೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಪಾಲಿಕೆಗೆ ಆಗುವ ಖರ್ಚು, ಮುಂದೆ ಚರಂಡಿ ಉಕ್ಕಿದಾಗ ಆಗುವ ಖರ್ಚಿಗಿಂತ ಕಡಿಮೆಯೇ ಇರುತ್ತದೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಹಳೆಯ ಬಡಾವಣೆಗಳು ಯಾರಿಗಾಗಿ ಇದ್ದವು? ಸರ್ಕಾರಿ ನೌಕರಿ, ಓದು, ಒಂದಿಷ್ಟು ಉಳಿತಾಯ ಇದ್ದವರಿಗೆ, ಅಂದರೆ ಬಹುಮಟ್ಟಿಗೆ ಮೇಲ್ಜಾತಿ ಮತ್ತು ಮಧ್ಯಮ ವರ್ಗದವರಿಗೆ. ಪ್ಲೇಗಿನ ಭಯ ಎಲ್ಲರಿಗೂ ಇತ್ತು, ಅದರಿಂದ ತಪ್ಪಿಸಿಕೊಂಡು ಅಗಲವಾದ ಸೈಟಿಗೆ ಹೋಗುವ ಶಕ್ತಿ ಕೆಲವರಿಗೆ ಮಾತ್ರ ಇತ್ತು. 1951ರಲ್ಲಿ ಎರಡೂವರೆ ಲಕ್ಷವನ್ನೂ ಮುಟ್ಟದಿದ್ದ ಮೈಸೂರಿನ ಜನಸಂಖ್ಯೆ 2011ರ ಹೊತ್ತಿಗೆ ಒಂಬತ್ತು ಲಕ್ಷದ ಹತ್ತಿರ ಬಂದಿತ್ತು. ಇಷ್ಟು ಜನಕ್ಕೆ ಸೂರು ಬೇಕು. ನಡು ಊರಿನ ಬಂಗಲೆಗಳಿಗೆ ಕಾವಲು ಕೂತರೆ ಹೊಸಬರೆಲ್ಲ ಊರಾಚೆಗೆ ಹೋಗಬೇಕಲ್ಲವೇ ಎಂಬ ಪ್ರಶ್ನೆಯಲ್ಲಿ ಸತ್ಯವಿದೆ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಹಳೆಯ ಬಡಾವಣೆಯಲ್ಲಿ ಹೆಚ್ಚು ಜನ ಬಾಳಲಿ. ಒಂದು ಕುಟುಂಬ ಇದ್ದಲ್ಲಿ ಮೂರು ಕುಟುಂಬ ಇರಲಿ. ಜನ ಹೆಚ್ಚಾದರೆ ಬಡಾವಣೆ ಸಾಯುವುದಿಲ್ಲ, ಅಂಗಡಿ, ಶಾಲೆ, ಬಸ್ಸು ಎಲ್ಲಕ್ಕೂ ಜೀವ ಬರುತ್ತದೆ. ಸಾಯಿಸುವುದು ಮಣ್ಣನ್ನೆಲ್ಲ ಮುಚ್ಚುವ ಸಿಮೆಂಟು, ಬೀದಿಯನ್ನೆಲ್ಲ ನುಂಗುವ ಕಾರು, ನೀರಿನ ದಾರಿಯ ಮೇಲೆ ಏಳುವ ಗೋಡೆ. ಮೂರು ಮಹಡಿಯ ಮನೆಯೂ ಮುಂದಿನ ಹತ್ತಡಿ ಮಣ್ಣನ್ನು ಬಿಡಬಹುದು, ಒಂದು ಮರವನ್ನು ಉಳಿಸಬಹುದು, ಬೀದಿಯ ಕಡೆಗೆ ಕಿಟಕಿ ತೆರೆಯಬಹುದು. ಬಡಾವಣೆಯನ್ನು ಉಳಿಸುವುದೆಂದರೆ ಅದರೊಳಗಿನ ಜನಸಂಖ್ಯೆಯನ್ನು ಹಿಡಿದಿಡುವುದಲ್ಲ, ಎಲ್ಲರಿಗೂ ಸೇರಿದ ಅಂಶಗಳನ್ನು ಹಿಡಿದಿಡುವುದು.

ಸಮಾನತೆಯ ದೃಷ್ಟಿಯಿಂದಲೇ ನೋಡಿದರೂ ಈ ವಾದ ಇನ್ನಷ್ಟು ಬಲವಾಗುತ್ತದೆ. ಇಂದು ಊರಂಚಿನ ಹೊಲಗಳಲ್ಲಿ ಏಳುತ್ತಿರುವ ರೆವಿನ್ಯೂ ಲೇಔಟುಗಳಲ್ಲಿ ಸೈಟು ಕೊಳ್ಳುತ್ತಿರುವವರು ಯಾರು? ಆಟೊ ಓಡಿಸಿ, ಗಾರೆ ಕೆಲಸ ಮಾಡಿ, ಗಾರ್ಮೆಂಟ್ಸಿಗೆ ಹೋಗಿ, ಚೀಟಿ ಹಾಕಿ ದುಡ್ಡು ಕೂಡಿಸಿದವರು. ಅವರಿಗೆ ಸಿಗುವುದು ಇಪ್ಪತ್ತು ಮೂವತ್ತರ ಸೈಟು, ಡಾಂಬರಿಲ್ಲದ ರಸ್ತೆ, ಎತ್ತ ಹರಿಯುತ್ತದೋ ಗೊತ್ತಿಲ್ಲದ ಮೋರಿ. ಪಾರ್ಕು ನಕ್ಷೆಯಲ್ಲಿ ಮಾತ್ರ ಇರುತ್ತದೆ, ಬಸ್ ನಿಲ್ದಾಣ ಮೈಲಿ ದೂರ. ಮನೆಯೊಂದನ್ನು ಹೇಗೋ ಕಟ್ಟಿಕೊಳ್ಳುತ್ತಾರೆ, ಬಡಾವಣೆಯನ್ನು ಕಟ್ಟಿಕೊಡುವವರು ಯಾರೂ ಇಲ್ಲ. ಹಣವಿದ್ದರೆ ಈ ಕೊರತೆಯಿಂದ ಪಾರಾಗಬಹುದು ಎಂಬ ನಂಬಿಕೆಯೂ ಸುಳ್ಳೆಂದು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ತೋರಿಸಿತು. ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿತು, ಜನ ಟ್ರ್ಯಾಕ್ಟರು ಹತ್ತಿ ಹೊರಬಂದರು. ಒಳಗೆ ಇಟಲಿಯ ಕಲ್ಲು ಹಾಸಿದ್ದರೂ ಹೊರಗೆ ರಾಜಕಾಲುವೆಗೆ ದಾರಿಯಿರಲಿಲ್ಲ, ಕೆರೆಗಳು ಒಂದರಿಂದ ಒಂದಕ್ಕೆ ಹರಿಯುವ ಸರಪಳಿ ತುಂಡಾಗಿತ್ತು. ಎತ್ತರದ ಗೋಡೆ, ಗೇಟಿನಲ್ಲಿ ಕಾವಲುಗಾರ, ಸ್ವಂತ ಜನರೇಟರು, ಸ್ವಂತ ಬೋರ್‌ವೆಲ್ ಇದ್ದವರನ್ನೂ ಸುತ್ತಲಿನ ಊರು ಬಂದು ಮುಟ್ಟಿತು. ಬಡವರ ಸೈಟಿಗೂ ಸಿರಿವಂತರ ವಿಲ್ಲಾಗೂ ಇಲ್ಲದೇ ಹೋದದ್ದು ಒಂದೇ: ಪ್ಲೇಗಿನ ಕಾಲದ ಸರ್ಕಾರ ಕಲಿತಿದ್ದ, ಮನೆಗಿಂತ ಮೊದಲು ಬಡಾವಣೆಯನ್ನು ಯೋಚಿಸುವ ಅಭ್ಯಾಸ. ಆಗ ಕೆಲವರಿಗೆ ಸಿಕ್ಕದ್ದು ಈಗ ಎಲ್ಲರಿಗೂ ಸಿಗಬೇಕು ಎಂದು ಕೇಳುವುದೇ ಹಳೆಯ ಅನ್ಯಾಯಕ್ಕೆ ಸರಿಯಾದ ಪ್ರಾಯಶ್ಚಿತ್ತ. ಹಳೆಯದು ಕೆಲವರದಾಗಿತ್ತು ಎಂಬ ಕಾರಣಕ್ಕೆ ಅದನ್ನೂ ಹಾಳಾಗಲು ಬಿಟ್ಟರೆ ಹೊಸಬರಿಗೆ ತೋರಿಸಲು ಮಾದರಿಯೂ ಇಲ್ಲದಂತಾಗುತ್ತದೆ.

ಕೊನೆಯದಾಗಿ, ಬದಲಾವಣೆ ಜಗದ ನಿಯಮ, ಊರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು ಎಂಬ ಮಾತಿದೆ. ಅದು ನಿಜ, ಮತ್ತು ಅದಕ್ಕೆ ನಾರಾಯಣ್ ಅವರ ಮನೆಯೇ ಸಾಕ್ಷಿ. ಕುರಿ ದನ ಮೇಯುತ್ತಿದ್ದ ಬಯಲಿಗೆ ಹೊಸದಾಗಿ ಬಂದು ಮನೆ ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿಗೆ ಮೊದಲು ದನ ಹೊಡೆದುಕೊಂಡು ಬರುತ್ತಿದ್ದವರ ಕಣ್ಣಿಗೆ ಆ ಎರಡಂತಸ್ತಿನ ಮನೆಯೂ ಒಂದು ಒತ್ತುವರಿಯಂತೆ ಕಂಡಿರಬಹುದು. ಹಾಗಾಗಿ 1950ರ ಯಾದವಗಿರಿಯನ್ನು ಮರಳಿ ತರಬೇಕೆಂಬುದು ನಮ್ಮ ಬೇಡಿಕೆಯಾಗಲಾರದು. ಆದರೆ ಅಂದಿನ ಬದಲಾವಣೆಗೂ ಇಂದಿನದಕ್ಕೂ ಒಂದು ವ್ಯತ್ಯಾಸವಿದೆ. ಅಂದು ಬಯಲನ್ನು ಬಡಾವಣೆ ಮಾಡಿದವರ ಕೈಯಲ್ಲಿ ಒಂದು ನಕ್ಷೆಯಿತ್ತು: ರಸ್ತೆ ಎಷ್ಟು ಅಗಲ, ನೀರು ಎತ್ತ ಹರಿಯಬೇಕು, ಮಕ್ಕಳು ಎಲ್ಲಿ ಆಡಬೇಕು ಎಂದು ಮೊದಲೇ ಯೋಚಿಸಿದ್ದರು. ಇಂದು ಅದೇ ಬಡಾವಣೆ ಸೈಟಿಗೊಂದು ಪರವಾನಗಿಯಂತೆ, ಬಿಡಿಬಿಡಿಯಾಗಿ ಬದಲಾಗುತ್ತಿದೆ. ಪರವಾನಗಿ ಕೊಡುವ ಅಧಿಕಾರಿಯ ಮುಂದಿನ ಕಡತದಲ್ಲಿ ಆ ಒಂದು ಸೈಟಿನ ಉದ್ದ ಅಗಲ ಇರುತ್ತದೆ, ಪಕ್ಕದ ಮರ, ಎದುರಿನ ಮೋರಿ, ಬೀದಿಯ ತುದಿಯ ಕೆರೆ ಇರುವುದಿಲ್ಲ. ನಮ್ಮ ತಕರಾರು ಬದಲಾವಣೆಯ ಮೇಲಲ್ಲ, ಯಾರೂ ಯೋಚಿಸದೆ ಆಗುತ್ತಿರುವ ಬದಲಾವಣೆಯ ಮೇಲೆ.

ಇದನ್ನು ಸರಿಪಡಿಸುವುದು ಕೈಗೆಟುಕದ ಕೆಲಸವಲ್ಲ. ಮೊದಲು, ಪ್ರತಿ ಹಳೆಯ ಬಡಾವಣೆಗೂ ಬೀದಿವಾರು ದಾಖಲೆ ಬೇಕು: ಯಾವ ಮರ ಎಲ್ಲಿದೆ, ಎಷ್ಟು ನೆಲ ತೆರೆದಿದೆ, ಮಳೆನೀರು ಎತ್ತ ಹರಿಯುತ್ತದೆ, ಕನ್ಸರ್ವೆನ್ಸಿ ಓಣಿ ಎಲ್ಲಿ ಉಳಿದಿದೆ, ಎಲ್ಲಿ ಒತ್ತುವರಿಯಾಗಿದೆ. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಕಾಲೇಜುಗಳಿಗೆ ಬರವಿಲ್ಲದ ಮೈಸೂರಿನಲ್ಲಿ ವಿದ್ಯಾರ್ಥಿಗಳೇ ಇದನ್ನು ಮಾಡಬಲ್ಲರು. ಎರಡನೆಯದಾಗಿ, ಮನೆ ಕಟ್ಟುವ ಪರವಾನಗಿಯನ್ನು ಆ ದಾಖಲೆಯ ಮುಂದಿಟ್ಟು ಕೊಡಬೇಕು, ಮುಂದಿನ ಸೆಟ್‌ಬ್ಯಾಕಿನಲ್ಲಿ ಇಂತಿಷ್ಟು ಭಾಗ ಮಣ್ಣೇ ಇರಬೇಕೆಂಬ ಷರತ್ತು ಕಾಗದದ ಮೇಲೆ ಉಳಿಯದೆ ಜಾರಿಯಾಗಬೇಕು. ಮೂರನೆಯದಾಗಿ, ವಾರ್ಡ್ ಸಮಿತಿಗಳಿಗೆ ಕಸ ಮತ್ತು ಬೀದಿದೀಪದ ಆಚೆಗೂ ಮಾತು ಬೇಕು, ತಮ್ಮ ಬಡಾವಣೆ ಹೇಗೆ ಬೆಳೆಯಬೇಕೆಂದು ಹೇಳುವ ಹಕ್ಕು ಅಲ್ಲಿನ ಬಾಡಿಗೆದಾರರಿಗೂ ಮನೆಗೆಲಸದವರಿಗೂ ಸಿಗಬೇಕು, ಮಾಲೀಕರಿಗೆ ಮಾತ್ರವಲ್ಲ. ನಾಲ್ಕನೆಯದಾಗಿ, ಇಷ್ಟು ಹಣ ಹಾಕಿ ಉಳಿಸಿದ ನಾರಾಯಣ್ ಮನೆ ಲೇಖಕರೊಬ್ಬರ ಸ್ಮಾರಕವಾಗಿ ನಿಲ್ಲದೆ, ಆ ಬಡಾವಣೆಯ ಕಥೆ ಹೇಳುವ ಕೇಂದ್ರವಾಗಬೇಕು. ಅಲ್ಲಿಂದ ಹೊರಟ ಮಕ್ಕಳು ಆಕಾಶವಾಣಿ, ಆಶ್ರಮ, ಕಾರ್ಖಾನೆಯ ಜಾಗ, ಕೆರೆಯ ಏರಿ, ಎಲ್ಲವನ್ನೂ ನಡೆದೇ ನೋಡಿ ಬರುವಂತಾಗಬೇಕು. ಈ ನಾಲ್ಕರಲ್ಲಿ ಯಾವುದಕ್ಕೂ ಹೊಸ ಮಂಡಳಿ ಬೇಡ, ಹೊಸ ಪ್ರಾಧಿಕಾರ ಬೇಡ. ಇರುವ ನಿಯಮಗಳನ್ನು ಸೈಟಿನಿಂದ ಬೀದಿಗೆ, ಬೀದಿಯಿಂದ ಬಡಾವಣೆಗೆ ವಿಸ್ತರಿಸಿ ಓದುವ ಮನಸ್ಸು ಬೇಕು.

2011ರಲ್ಲಿ ಮೈಸೂರಿನ ಜನ ಒಂದು ಮನೆಯ ಮೇಲೆ ಬಿದ್ದ ಹಾರೆಯನ್ನು ತಡೆದರು. ಅದು ಸಾಧ್ಯವಾದದ್ದು ಆ ಪೆಟ್ಟು ಎಲ್ಲರ ಕಣ್ಣಿಗೂ ಕಂಡಿದ್ದರಿಂದ. ಬಡಾವಣೆಯ ಮೇಲೆ ಬೀಳುವ ಪೆಟ್ಟು ಹಾಗೆ ಒಮ್ಮೆಲೇ ಕಾಣುವುದಿಲ್ಲ, ವರ್ಷಕ್ಕೊಂದು ಮರ, ವರ್ಷಕ್ಕೊಂದು ಅಂಗಳ ಎಂದು ಸದ್ದಿಲ್ಲದೆ ಬೀಳುತ್ತದೆ, ಪತ್ರಿಕೆಗೆ ಸುದ್ದಿಯೂ ಆಗುವುದಿಲ್ಲ. ಆ ಕಾರಣಕ್ಕೇ ಅದನ್ನು ತಡೆಯುವ ಹೊಣೆ ಒಂದು ದಿನದ ಪ್ರತಿಭಟನೆಯಿಂದ ತೀರುವಂಥದ್ದಲ್ಲ, ನಿಯಮವಾಗಿ, ದಾಖಲೆಯಾಗಿ, ದಿನನಿತ್ಯದ ಆಡಳಿತವಾಗಿ ಬರಬೇಕು. ಹೆಸರಾಂತರ ಮನೆಗಾಗಿ ಎದ್ದು ನಿಂತ ಊರು ಹೆಸರಿಲ್ಲದವರ ಬೀದಿಗಾಗಿಯೂ ಎದ್ದು ನಿಂತರೆ, ಆಗ ಆ ಎರಡು ಕೋಟಿ ರೂಪಾಯಿ ನಿಜಕ್ಕೂ ಸಾರ್ಥಕವಾಗುತ್ತದೆ.